ಪುರಂದರಣ್ಣ ಕಳಿಸಿದ ಗೋಧಿ

ಪುರಂದರ ಶೆಟ್ಟಿಗಾರರಿಗೆ ಯಾವ ಪೆಟ್ಟಿಗೆಯನ್ನೂ ಅದರ ಪಾಡಿಗೆ ಹೋಗಲು ಬಿಟ್ಟು ಗೊತ್ತಿಲ್ಲ. ಮುಚ್ಚಳ ಹಾಕುವ ಮೊದಲು ಒಂದು ಸಲ ಬಗ್ಗಿ ನೋಡುತ್ತಾರೆ. ಮೂಲೆಯಲ್ಲಿ ಅಂಗೈಯಗಲ ಜಾಗ ಕಂಡರೆ ಸಾಕು, ಅಲ್ಲೊಂದು ಹಪ್ಪಳದ ಕಟ್ಟು ಇಲ್ಲವೆ ಗೋಡಂಬಿ ಪೊಟ್ಟಣ ತುರುಕಿಬಿಡುತ್ತಾರೆ. ದೇಶದಿಂದ ದೇಶಕ್ಕೆ ಸಾಮಾನು ಸಾಗಿಸುವುದೇ ಕಸುಬಾದ ಮನುಷ್ಯನಿಗೆ ಇದಕ್ಕಿಂತ ಕೆಟ್ಟ ಚಾಳಿ ಇರಲಾರದು. ಕಾಗದದಲ್ಲಿ ಬರೆದದ್ದಕ್ಕಿಂತ ಗುಲಗಂಜಿಯಷ್ಟು ಹೆಚ್ಚಿದ್ದರೂ ಕಸ್ಟಮ್ಸಿನವರು ಕತ್ತು ಹಿಡಿಯುತ್ತಾರೆ. ಆ ಕಾಗದ ಬರೆಯುವವಳು ನಾನು, ಸಿಂಥಿಯಾ. ಅವರ ಮೇಲೆ ನನಗೆ ಎಷ್ಟು ವಿಶ್ವಾಸವೋ ಅಷ್ಟೇ ಸಿಟ್ಟು.

ನಮ್ಮ ಆಫೀಸು ಅಮೆರಿಕದ ಸಿಯಾಟಲ್ ಹತ್ತಿರದ ಮಿಲ್ ಕ್ರೀಕ್‌ನಲ್ಲಿ, ಹೆದ್ದಾರಿ ಪಕ್ಕದ ಟೈರ್ ಅಂಗಡಿಯ ಹಿಂದೆ. ಮುಂದೊಂದು ಕೋಣೆ, ಹಿಂದೊಂದು ಶೆಡ್. ಕೋಣೆಯಲ್ಲಿ ಪುರಂದರಣ್ಣ ಮತ್ತು ನಾನು, ಶೆಡ್ಡಿನಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವ ಲ್ಯೂಬಾ. ಮೂರು ಜನರ ಕಂಪನಿ. ಊರಲ್ಲಿ, ನಮ್ಮದೇ ಜಿಲ್ಲೆಯ ಕಿನ್ನಿಗೋಳಿ ಕಡೆಯ ನೇಕಾರರ ಮನೆತನ ಪುರಂದರಣ್ಣನದು. ಮಗ್ಗ ನಿಂತಾಗ ಮುಂಬೈ ಹಡಗುಕಟ್ಟೆಗೆ ಹೋಗಿ, ಕಸ್ಟಮ್ಸಿನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರೊಬ್ಬರ ಹತ್ತಿರ ಕೆಲಸ ಕಲಿತರು. ಆಮೇಲೆ ಸಿಯಾಟಲ್ ಬಂದರಿನ ಒಂದು ಕಂಪನಿ, ಕೊನೆಗೆ ಸ್ವಂತದ್ದು. ಸೌತ್ ಲೇಕ್ ಯೂನಿಯನ್‌ನ ಗಾಜಿನ ಕಟ್ಟಡಗಳಲ್ಲಿ ಕೂತು ಕೋಡ್ ಬರೆಯುವ ನಮ್ಮವರಿಗೆ ಇದೊಂದು ಉದ್ಯೋಗ ಎಂದೇ ಅನಿಸುವುದಿಲ್ಲ. 'ಕೊರಿಯರ್ ಅಂಕಲ್' ಎಂದು ಕರೆಯುತ್ತಾರೆ. ಅವರೂ ನಗುತ್ತಾರೆ.

ಈ ಮನುಷ್ಯನಿಗೆ ಪೋಲೆಂಡಿನ ಹುಚ್ಚು ಹಿಡಿದದ್ದು ಯುಕ್ರೇನಿನ ಯುದ್ಧ ಶುರುವಾದ ವರ್ಷ. ಇಲ್ಲಿನ ಯುಕ್ರೇನಿಯನ್ ಚರ್ಚಿನವರು ಕೂಡಿಸಿದ ಕಂಬಳಿ, ಔಷಧಿ ಎಲ್ಲ ಪೋಲೆಂಡಿನ ಮೂಲಕವೇ ಹೋಗಬೇಕಿತ್ತು. ಅಲ್ಲಿ ಗಡಿ ಹತ್ತಿರದ ಊರಿನಲ್ಲಿ ನಮಗೆ ಸಿಕ್ಕಿದ ಏಜೆಂಟ್ ಮಾರೆಕ್. ಖಾರ್ಕಿವ್‌ನಿಂದ ಓಡಿಬಂದ ಒಂದು ಇಡೀ ಕುಟುಂಬವನ್ನು ತನ್ನ ಮನೆಯ ಮಹಡಿಯಲ್ಲಿ ವರ್ಷಗಟ್ಟಲೆ ಇಟ್ಟುಕೊಂಡವನು. ಅದನ್ನು ಕೇಳಿದ ದಿನದಿಂದ ಪುರಂದರಣ್ಣನಿಗೆ ಅವನೆಂದರೆ ಪ್ರಾಣ. ನಮ್ಮವರು ಕ್ರಿಕೆಟ್ ಸ್ಕೋರ್ ನೋಡುವ ಹೊತ್ತಿಗೆ ಇವರು ಪೋಲೆಂಡಿನ ಸುದ್ದಿ ನೋಡುತ್ತಾರೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಇವರು ಬಾಯಿ ತೆರೆದರೆ, ಜನ ಪಾಯಸದ ಲೋಟ ಹಿಡಿದುಕೊಂಡು ಬೇರೆ ಟೇಬಲ್ಲಿಗೆ ಜಾರುತ್ತಾರೆ. ಜಾರಲಾಗದೆ ಸಿಕ್ಕಿಬೀಳುವವಳು ನಾನೊಬ್ಬಳೇ.

"ಅವರ ಕಷ್ಟ ನಮಗೆ ಅರ್ಥ ಆಗುದಿಲ್ಲ ಸಿಂಥಿಯಾ," ಎನ್ನುತ್ತಿದ್ದರು. "ಒಂದು ಪಕ್ಕದ ಮನೆ ಜರ್ಮನಿ, ಇನ್ನೊಂದು ಪಕ್ಕದ್ದು ರಷ್ಯಾ. ಇಬ್ಬರೂ ಸೇರಿ ಇವರ ಮನೆಯನ್ನೇ ಪಾಲು ಮಾಡಿಕೊಂಡದ್ದುಂಟು. ಅದಕ್ಕೇ ಎಲ್ಲೋ ದೂರ ಇರುವ ಅಮೆರಿಕವನ್ನು ಹತ್ತಿರ ಕೂರಿಸಿಕೊಂಡದ್ದು. ಯುಕ್ರೇನ್ ಉಳಿದರೆ ತಾವೂ ಉಳಿದೆವು ಅಂತ ಅವರ ಲೆಕ್ಕ."

"ಹಾಗಾದ್ರೆ ಅವರ ರೈತರು ಯುಕ್ರೇನಿನ ಗಡಿಯಲ್ಲಿ ಟ್ರ್ಯಾಕ್ಟರ್ ಅಡ್ಡ ಇಟ್ಟು ಕೂತದ್ದು ಎಂತಕ್ಕೆ?" ಎಂದು ನಾನು ಕೇಳಿದ್ದೆ.

"ಸರ್ಕಾರದ ಲೆಕ್ಕ ಬೇರೆ, ಹೊಲದ ಲೆಕ್ಕ ಬೇರೆ ಅಲ್ವಾ?"

ಅದು 2024ರ ಫೆಬ್ರವರಿ. ಯುದ್ಧದಿಂದ ಸಮುದ್ರದ ದಾರಿ ಕಟ್ಟಿದಾಗ ಯುಕ್ರೇನಿನ ಗೋಧಿ ಪೋಲೆಂಡಿನ ಮೇಲೆ ಹಾದು ಹೋಗಲಿ ಎಂದು ಯುರೋಪಿನವರೆಲ್ಲ ಬಾಗಿಲು ತೆರೆದಿದ್ದರು. ಹಾದುಹೋಗಬೇಕಾದ ಗೋಧಿಯಲ್ಲಿ ಒಂದಷ್ಟು ಪೋಲೆಂಡಿನಲ್ಲೇ ಉಳಿಯಿತು. ದರ ಬಿತ್ತು. ಸರ್ಕಾರ ಆಮದು ನಿಲ್ಲಿಸಿದರೂ ರೈತರು ನಂಬಲಿಲ್ಲ. ಅವರು ಗಡಿಯ ರಸ್ತೆಗಳಲ್ಲಿ ಕೂತು ಲಾರಿ ತಡೆಯತೊಡಗಿದರು. ಒಂದೆರಡು ಕಡೆ ಯುಕ್ರೇನಿನ ಗೋಧಿಯನ್ನು ನೆಲಕ್ಕೆ ಸುರಿದರು. ಆ ವಿಡಿಯೊ ನೋಡಿದ ದಿನ ಪುರಂದರಣ್ಣ ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ನೆಲಕ್ಕೆ ಬಿದ್ದ ಒಂದು ಅಗುಳನ್ನೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಜನ ಅವರು. ಶೆಡ್ಡಿನಲ್ಲಿ ಲ್ಯೂಬಾ ಆ ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತಿದ್ದಳು.

ಲ್ಯೂಬಾ ಯುಕ್ರೇನಿನ ಹಳ್ಳಿಯವಳು, ಒಕ್ಕಲು ಮನೆಯ ಹೆಣ್ಣು. ಅಮೆರಿಕಕ್ಕೆ ಬರುವ ಮೊದಲು ಪ್ರತಿ ಬೇಸಿಗೆಗೆ ಪೋಲೆಂಡಿನ ತೋಟಗಳಿಗೆ ಸ್ಟ್ರಾಬೆರಿ ಕೀಳಲು ಹೋಗುತ್ತಿದ್ದಳಂತೆ, ಹಾಗಾಗಿ ಪೋಲಿಷ್ ಚೆನ್ನಾಗಿ ಬರುತ್ತದೆ. ಅವಳ ಮಗಳ ಹೆಸರು ಒರೀಸ್ಯಾ, ಪೋಲೆಂಡಿನ ಗಡಿಯಾಚೆ ಯುಕ್ರೇನಿನ ಸಣ್ಣ ಪಟ್ಟಣದಲ್ಲಿದ್ದಾಳೆ. ಅಳಿಯ ಯುದ್ಧಭೂಮಿಯಲ್ಲಿ. ಆ ತಿಂಗಳು ಒರೀಸ್ಯಾಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಅಂಗೈ ಮೇಲೆ ಹಿಡಿಸುವಷ್ಟು ಚಿಕ್ಕದು. ಇಂಥ ಕೂಸುಗಳನ್ನು ಬೆಚ್ಚಗಿಡಲು ಆಸ್ಪತ್ರೆಯಲ್ಲಿದ್ದ ಇನ್‌ಕ್ಯುಬೇಟರುಗಳಲ್ಲಿ ಒಂದು ಕೆಟ್ಟು ನಿಂತಿತ್ತು, ಇನ್ನೊಂದರಲ್ಲಿ ಕೂಸನ್ನು ಮತ್ತೊಂದು ಕೂಸಿನ ಜೊತೆ ಮಲಗಿಸಿದ್ದರು. ಕರೆಂಟು ಹೋದರೆ ಅದೂ ಇಲ್ಲ.

ಚರ್ಚಿನವರು ಬ್ಯಾಟರಿಯಲ್ಲೂ ನಡೆಯುವ ಎರಡು ಇನ್‌ಕ್ಯುಬೇಟರುಗಳನ್ನು ಎಲ್ಲಿಂದಲೋ ಹುಡುಕಿ ತಂದರು. ನಾನು ಕಾಗದಗಳನ್ನು ಮೂರು ಸಲ ತಿದ್ದಿ ಬರೆದೆ. ಅವು ವಿಮಾನದಲ್ಲಿ ವಾರ್ಸಾ ತಲುಪಿದವು, ಅಲ್ಲಿಂದ ಮಾರೆಕ್‌ನ ಲಾರಿ ಹೊರಟಿತು. ನೆರವಿನ ಸಾಮಾನನ್ನು ರೈತರು ತಡೆಯುತ್ತಿರಲಿಲ್ಲ, ಅದಕ್ಕೆಂದೇ ಪಕ್ಕದಲ್ಲಿ ಒಂದು ದಾರಿ ಬಿಟ್ಟಿದ್ದರು. ಎಲ್ಲ ಸರಿಹೋದರೆ ಅಲ್ಲಿ ರಾತ್ರಿಯಾಗುವುದರೊಳಗೆ ಆಸ್ಪತ್ರೆ ಸೇರಬೇಕು.

ಇಲ್ಲಿ ಬೆಳಗಾದರೆ ಅಲ್ಲಿ ಸಂಜೆ. ನಾನು ಆಫೀಸಿಗೆ ಬಂದು ಕೋಟು ತೆಗೆಯುವಷ್ಟರಲ್ಲಿ ಪುರಂದರಣ್ಣನ ಫೋನು ಬಡಿದುಕೊಂಡಿತು. ಮಾರೆಕ್. ಸ್ಪೀಕರಿಗೆ ಹಾಕಿದರು.

"ಲಾರಿ ನಿಲ್ಲಿಸಿದ್ದಾರೆ," ಎಂದ ಮಾರೆಕ್. ಅವನ ಹಿಂದೆ ಗಾಳಿ, ಜನರ ಗದ್ದಲ, ಯಾವುದೋ ಎಂಜಿನ್. "ನೆರವಿನ ಹೆಸರಲ್ಲಿ ಯಾರೋ ವ್ಯಾಪಾರ ಮಾಡುತ್ತಿದ್ದಾರೆ ಅಂತ ನಿನ್ನೆಯಿಂದ ಗುಲ್ಲು. ಪೆಟ್ಟಿಗೆ ತೆಗೆದು ತೋರಿಸಿ ಅಂದರು. ಕಸ್ಟಮ್ಸ್ ಅಧಿಕಾರಿಯೂ ಇದ್ದ. ತೆಗೆದೆವು."

"ತೆಗೆಯಲಿ. ಇನ್‌ಕ್ಯುಬೇಟರ್ ತಾನೇ ಇರುವುದು?" ಎಂದೆ ನಾನು.

ಮಾರೆಕ್ ಗದ್ದಲದಿಂದ ದೂರ ಸರಿದ. "ಕೆಳಗೆ ಗೋಧಿ ಇದೆ."

ನನಗೆ ನಗು ಬಂತು. ಆಮೇಲೆ ಪುರಂದರಣ್ಣನ ಮುಖ ನೋಡಿದೆ, ನಗು ಅಲ್ಲೇ ಸತ್ತಿತು. ಕದ್ದು ಸಿಕ್ಕಿಬಿದ್ದ ಹುಡುಗನ ಮುಖ ಅದು. ನಾನು ಫೋನಿನ ಮೈಕ್ ಮುಚ್ಚಿದೆ.

"ಪುರಂದರಣ್ಣ, ಎಂತ ಮಾಡಿದ್ದು ನೀವು?"

"ಶಾಲಿನಿ ಕಟ್ಟಿಕೊಟ್ಟದ್ದು," ಎಂದರು. ಶಾಲಿನಿ ಅವರ ಹೆಂಡತಿ. "ಹೆರಿಗೆ ಆಸ್ಪತ್ರೆಗೆ ಹೋಗುದು ಅಲ್ವಾ. ಬಾಣಂತಿಯರು ಇರ್ತಾರೆ. ಬರೀ ಮೆಷಿನ್ ಕಳಿಸುದು ಹೇಗೆ? ನಮ್ಮಲ್ಲಿ ಮಡಿಲು ತುಂಬಿಸದೆ ಕಳಿಸ್ತಾರಾ? ರವಿಕೆ ಕಣದಲ್ಲಿ ಒಂದೊಂದು ಸೇರು ಕಟ್ಟಿ ಇಟ್ಟದ್ದು ಅಷ್ಟೇ."

"ಮಡಿಲಿಗೆ ಅಕ್ಕಿ ಹಾಕುದಲ್ವಾ? ಗೋಧಿ ಎಲ್ಲಿಂದ ಬಂತು?"

"ಅವರು ಅನ್ನ ಉಣ್ಣುವವರಲ್ಲ, ಗೋಧಿಯವರು ಅಂತ ಶಾಲಿನಿಯೇ ಹೇಳಿದ್ದು. ಅಕ್ಕಿ ಕೊಟ್ಟರೆ ಅವರಿಗೆ ಎಂತಕ್ಕೆ ಉಪಯೋಗ ಅಂತ."

ಮೈ ಪರಚಿಕೊಳ್ಳುವಂತಾಯಿತು ನನಗೆ. ಗೋಧಿಗಾಗಿ ಹೊಡೆದಾಡುತ್ತಿರುವ ಗಡಿಗೆ, ಜಗತ್ತಿಗೇ ಗೋಧಿ ಬೆಳೆದುಕೊಡುವ ದೇಶದ ಹೆಂಗಸರಿಗಾಗಿ, ಇಂಡಿಯನ್ ಸ್ಟೋರ್‌ನಿಂದ ಗೋಧಿ ತಂದು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನನ್ನ ಕಾಗದಕ್ಕೆ ಸಹಿ ಬಿದ್ದ ಮೇಲೆ ಪೆಟ್ಟಿಗೆಯ ತಳಕ್ಕೆ ತುರುಕಿದ್ದಾರೆ. ಇಂಥ ಕೆಲಸ ಮಾಡಲು ಭೂಮಿಯ ಮೇಲೆ ನಮ್ಮ ಜಿಲ್ಲೆಯವರೇ ಆಗಬೇಕು. ಬೈಯಲು ನಾನು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಶೆಡ್ಡಿನ ಬಾಗಿಲು ತೆರೆಯಿತು.

ಲ್ಯೂಬಾ ಕೈಗವಸು ಹಾಕಿಕೊಂಡೇ ಬಂದು ನಿಂತಳು. "ಮಗಳು ಮೆಸೇಜ್ ಮಾಡಿದ್ದಾಳೆ. ಕರೆಂಟು ಹೋಗಿದೆಯಂತೆ. ಜನರೇಟರ್ ಆಪರೇಷನ್ ಕೋಣೆಗೆ ಮಾತ್ರ. ಮಗು ತಣ್ಣಗಾಗುತ್ತಿದೆ. ಲಾರಿ ಎಲ್ಲಿ?"

ಪುರಂದರಣ್ಣ ನನ್ನ ಕಡೆ ನೋಡಿದರು. ನಾನು ಮೈಕಿನ ಮೇಲಿಂದ ಕೈ ತೆಗೆದೆ.

"ಗಡಿಯಲ್ಲಿ ತಡೆದಿದ್ದಾರೆ," ಎಂದ ಮಾರೆಕ್. "ಮಾಮೂಲಿ ಸಾಲಿಗೆ ಹೋಗಿ ಅನ್ನುತ್ತಿದ್ದಾರೆ. ಆ ಸಾಲಿನಲ್ಲಿ ನಿಂತವರು ದಿನಗಟ್ಟಲೆ ನಿಂತಿದ್ದಾರೆ."

ಲ್ಯೂಬಾ ಮೇಜಿನ ಹತ್ತಿರ ಧಾವಿಸಿದಳು. ಫೋನನ್ನು ಕಿತ್ತುಕೊಂಡು ಪೋಲಿಷಿನಲ್ಲಿ ಒಂದೇ ಸಮನೆ ಬೈದಳು. ಆಮೇಲೆ ನಮಗೂ ತಿಳಿಯಲಿ ಎಂದೋ ಏನೋ ಇಂಗ್ಲಿಷಿಗೆ ತಿರುಗಿದಳು. "ನಿಮ್ಮವರು ಮೊದಲ ವರ್ಷ ಅಪ್ಪಿಕೊಂಡರು. ಈಗ ಗೋಧಿಗೋಸ್ಕರ ಮಗುವನ್ನು ಕೊಲ್ಲುತ್ತೀರಾ? ನಿಮಗೆ ನಾವು ಬೇಕಾಗಿರುವುದು ರಷ್ಯಾಕ್ಕೆ ಅಡ್ಡ ನಿಲ್ಲಲು ಮಾತ್ರ. ಸಾಯಲು ನಾವು, ದರ ನಿಮಗೆ."

ಮಾರೆಕ್ ಒಂದು ಮಾತೂ ಎದುರಾಡಲಿಲ್ಲ. ತಪ್ಪು ಯಾರದು ಎಂದು ಅವನಿಗೆ ಗೊತ್ತಿತ್ತು, ಹೇಳಿದ್ದರೆ ಬೈಗುಳ ತಪ್ಪುತ್ತಿತ್ತು. "ಕ್ಷಮಿಸಿ ಲ್ಯೂಬಾ, ನೋಡುತ್ತಿದ್ದೇನೆ," ಎಂದಷ್ಟೇ ಹೇಳಿದ. ಪುರಂದರಣ್ಣ ಮೇಜಿನ ಅಂಚು ಹಿಡಿದುಕೊಂಡು ಕೂತಿದ್ದರು. ನನಗೆ ಆ ಗಳಿಗೆಯಲ್ಲಿ ಅವರ ಮೇಲೆ ಅಸಹ್ಯವೇ ಬಂತು. ಆಫೀಸು ಕಟ್ಟಿ ಬೆಳೆಸಿದ ಮನುಷ್ಯ, ಇನ್ನೊಬ್ಬನ ಬೆನ್ನಿನ ಹಿಂದೆ ಅಡಗಿ ಕೂತಿದ್ದಾರಲ್ಲ ಎಂದು.

ಲ್ಯೂಬಾ ಫೋನನ್ನು ಮೇಜಿನ ಮೇಲೆ ಹಾಕಿ ಕಿಟಕಿಯ ಹತ್ತಿರ ಹೋದಳು. ಅವಳ ಫೋನು ಮತ್ತೆ ಸದ್ದು ಮಾಡಿತು. ಎರಡೂ ಕೂಸುಗಳನ್ನು ಹೊರಗೆ ತೆಗೆದು, ತಾಯಂದಿರ ಎದೆಗೆ ಕಟ್ಟಿ, ಮೇಲೆ ಕಂಬಳಿ ಹೊದೆಸಿದ್ದಾರಂತೆ. ಒರೀಸ್ಯಾಳ ಕೂಸು ಆಗಾಗ ಉಸಿರು ಮರೆಯುತ್ತದಂತೆ, ನರ್ಸು ಅಂಗಾಲಿಗೆ ಬೆರಳಲ್ಲಿ ತಟ್ಟುತ್ತಾ ಕೂತಿದ್ದಾಳಂತೆ. ಓದಿ ಹೇಳುವಾಗ ಲ್ಯೂಬಾಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಅದನ್ನು ಕೇಳಲಾಗಲಿಲ್ಲ ನನಗೆ.

"ಮಾರೆಕ್," ಎಂದರು ಪುರಂದರಣ್ಣ ಕೊನೆಗೆ. "ಅಲ್ಲಿ ತೀರ್ಮಾನ ಮಾಡುವವರು ಯಾರು?"

"ಐದಾರು ಜನರ ಸಮಿತಿ. ಅದರಲ್ಲಿ ಮುಖ್ಯ ನನ್ನ ಅಣ್ಣ, ಕಾಜಿಕ್."

"ನಿನ್ನ ಸ್ವಂತ ಅಣ್ಣನಾ?"

"ಅದೇ ಕಷ್ಟ. ತಮ್ಮನ ಲಾರಿ ಅಂತ ಬಿಟ್ಟರೆ ನಾಳೆ ಉಳಿದವರಿಗೆ ಮುಖ ತೋರಿಸುವುದು ಹೇಗೆ ಅನ್ನುತ್ತಾನೆ."

"ವಿಡಿಯೊ ಹಾಕು. ನಾನು ಮಾತಾಡುತ್ತೇನೆ."

ಪರದೆಯ ಮೇಲೆ ಒದ್ದೆ ರಸ್ತೆ, ಟ್ರ್ಯಾಕ್ಟರುಗಳ ದೀಪ, ಡ್ರಮ್ಮಿನಲ್ಲಿ ಉರಿಯುವ ಬೆಂಕಿ. ಆಮೇಲೆ ಒಂದು ದೊಡ್ಡ ಮುಖ, ಚಳಿಗೆ ಕೆಂಪೇರಿದ ಮೂಗು, ತಲೆಗೆ ಉಣ್ಣೆ ಟೋಪಿ. ಮಾರೆಕ್ ನಡುವೆ ನಿಂತು ಇಬ್ಬರ ಮಾತನ್ನೂ ತಿರುಗಿಸಿ ಹೇಳಿದ. ಲ್ಯೂಬಾ ಕಿಟಕಿ ಬಿಟ್ಟು ಬರಲಿಲ್ಲ, ತೆರೆದೇ ಇದ್ದ ಬಾಗಿಲಿನಿಂದ ಬರುತ್ತಿದ್ದ ಶೆಡ್ಡಿನ ಹೀಟರಿನ ಗದ್ದಲದಲ್ಲಿ ಅವಳಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ.

ಕಾಜಿಕ್ ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಬಣ್ಣದ ಬಟ್ಟೆಯಲ್ಲಿ ಗೋಧಿ ಕಟ್ಟಿ ಕಳಿಸಿದ್ದು ಯಾಕೆ, ಇದು ಯಾವ ವ್ಯಾಪಾರಿಯ ಸ್ಯಾಂಪಲ್ಲು.

ಪುರಂದರಣ್ಣ ದನಿ ತಗ್ಗಿಸಿ ಹೇಳಿದರು. "ವ್ಯಾಪಾರದ್ದಲ್ಲ. ನಮ್ಮ ಊರಲ್ಲಿ ಹೆಣ್ಣುಮಕ್ಕಳ ಮಡಿಲಿಗೆ ಕಾಳು ತುಂಬುತ್ತಾರೆ. ಹೆತ್ತವಳ ಮಡಿಲು ಯಾವತ್ತೂ ಬರಿದಾಗದಿರಲಿ ಅಂತ. ನನ್ನ ಹೆಂಡತಿ ಕಟ್ಟಿದ್ದು."

ಮಾರೆಕ್ ಅದನ್ನು ತಿರುಗಿಸಿ ಹೇಳಲು ಬಹಳ ಹೊತ್ತು ತೆಗೆದುಕೊಂಡ. ಕಾಜಿಕ್ ಕೇಳಿಸಿಕೊಂಡು ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ನಂಬುತ್ತೇನೆ," ಎಂದ. "ಸುಳ್ಳು ಹೇಳುವವನು ಇಂಥ ಕಥೆ ಕಟ್ಟುವುದಿಲ್ಲ. ಆದರೆ ನನ್ನ ಹಿಂದೆ ನಿಂತವರಿಗೆ ನಾನು ಏನು ಹೇಳಲಿ? ಯುದ್ಧ ಶುರುವಾದ ದಿನ ಇದೇ ರಸ್ತೆಯಲ್ಲಿ ಯುಕ್ರೇನಿನಿಂದ ಓಡಿಬಂದವರ ಕಾರುಗಳನ್ನು ನನ್ನ ಟ್ರ್ಯಾಕ್ಟರಿನಲ್ಲಿ ಎಳೆದಿದ್ದೇನೆ. ನನ್ನ ಕಣಜದಲ್ಲಿ ಎರಡು ವರ್ಷದ ಗೋಧಿ ಕೂತಿದೆ, ಕೇಳುವವರಿಲ್ಲ. ಈಗ ಅಮೆರಿಕದಿಂದ ಗೋಧಿ ನನ್ನ ಎದುರಿಗೇ ಹಾದು ಹೋಗಬೇಕಾ?"

ಅವನ ಮಾತಿನಲ್ಲಿ ನ್ಯಾಯವಿತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಬರೀ ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

"ಗೋಧಿ ಇಳಿಸಿಬಿಡಿ," ಎಂದರು ಪುರಂದರಣ್ಣ. "ಲಾರಿ ಬಿಡಿ."

ಕಾಜಿಕ್ ಹಿಂದೆ ತಿರುಗಿ ತನ್ನವರೊಡನೆ ಮಾತಾಡಿದ. ಗಲಾಟೆ ಏರಿತು. ಅವರು ಹೇಳಿದ್ದನ್ನು ಮಾರೆಕ್ ನಮಗೆ ತಿಳಿಸಿದ. ಇಳಿಸಿ ಇಟ್ಟರೆ ರೈತರು ನೆರವಿನ ಸಾಮಾನು ಲೂಟಿ ಮಾಡಿದರು ಎಂದು ನಾಳೆ ಪೇಪರಿನಲ್ಲಿ ಬರುತ್ತದೆ, ಬೇಡ. ಕಳಿಸಿದವನೇ ಹೇಳಿ ಎಲ್ಲರೆದುರು ರಸ್ತೆಗೆ ಸುರಿಸಲಿ, ನಾವು ವಿಡಿಯೊ ಮಾಡಿಕೊಳ್ಳುತ್ತೇವೆ. ಅಧಿಕಾರಿಗೆ ಗೋಧಿ ಇಲ್ಲದ ಹೊಸ ಕಾಗದ ಬರಲಿ. ಹಾಗಾದರೆ ಬಿಡುತ್ತೇವೆ.

ನಾನು ಆಗಲೇ ಕಂಪ್ಯೂಟರಿಗೆ ತಿರುಗಿದ್ದೆ. ಹೊಸ ಕಾಗದ ಬರೆಯತೊಡಗಿದ್ದೆ. ಆದರೂ ಕಿವಿಯೆಲ್ಲ ಹಿಂದೆ. ಸುರಿಯುವುದು ಎಂಬ ಮಾತು ಕೇಳಿ ಪುರಂದರಣ್ಣ ಕಣ್ಣು ಮುಚ್ಚಿಕೊಂಡಿದ್ದರು. ಶಾಲಿನಿ ಅಕ್ಕ ಹಗಲೆಲ್ಲ ಕೂತು ಆರಿಸಿದ್ದಿರಬೇಕು ಆ ಕಾಳು. ಅಷ್ಟರಲ್ಲಿ ಲ್ಯೂಬಾಳ ಫೋನು ಇನ್ನೊಮ್ಮೆ ಸದ್ದು ಮಾಡಿತು. ಅವಳು ಓದಿದಳು, ಆದರೆ ನಮಗೆ ಓದಿ ಹೇಳಲಿಲ್ಲ.

"ಸುರಿಯಿರಿ," ಎಂದರು ಪುರಂದರಣ್ಣ. "ನಾನೇ ಹೇಳುತ್ತಿದ್ದೇನೆ. ಎಲ್ಲ ಸುರಿಯಿರಿ. ಬೇಗ."

ಡ್ರೈವರ್ ಗಂಟುಗಳನ್ನು ಹೊತ್ತು ತಂದ. ಕೆಂಪು, ಹಸಿರು, ಹಳದಿ ರವಿಕೆ ಕಣಗಳು. ಒಂದೊಂದನ್ನೇ ಬಿಚ್ಚಿ ರಸ್ತೆಗೆ ಬಗ್ಗಿಸಿದ. ಗೋಧಿ ಒದ್ದೆ ಡಾಂಬರಿನ ಮೇಲೆ ಹರಡಿ ಟ್ರ್ಯಾಕ್ಟರಿನ ಗಾಲಿಯ ಹತ್ತಿರ ಹೋಯಿತು. ಅಲ್ಲಿ ಯಾರೂ ಕೂಗಲಿಲ್ಲ. ಕಾಜಿಕ್ ನೆಲ ನೋಡುತ್ತಿದ್ದ.

ಲ್ಯೂಬಾ ಯಾವಾಗ ಬಂದು ಹಿಂದೆ ನಿಂತಳೋ ತಿಳಿಯಲಿಲ್ಲ. ಪರದೆಗೆ ಬೆರಳು ತೋರಿಸಿ ಕೂಗಿದಳು. "ಮತ್ತೆ ಸುರಿಯುತ್ತಿದ್ದಾರೆ. ನಮ್ಮ ಗೋಧಿ ಮತ್ತೆ ಸುರಿಯುತ್ತಿದ್ದಾರೆ. ಪ್ರಾಣಿಗಳು ಇವರು."

"ಲ್ಯೂಬಾ," ಎಂದು ಪುರಂದರಣ್ಣ ಎದ್ದು ನಿಂತರು. "ಅದು ನಿಮ್ಮ ಗೋಧಿ ಅಲ್ಲ. ನಮ್ಮದು. ನಾನೇ ನಿನ್ನ ಕಣ್ಣು ತಪ್ಪಿಸಿ ಪೆಟ್ಟಿಗೆಯಲ್ಲಿ ಇಟ್ಟದ್ದು. ಅದು ಸಿಕ್ಕಿದ್ದಕ್ಕೇ ಲಾರಿ ನಿಂತದ್ದು. ಮಾರೆಕ್‌ನದು ಏನೂ ತಪ್ಪಿಲ್ಲ, ಆ ರೈತರದೂ ಇಲ್ಲ. ಸುರಿಯಿರಿ ಅಂತ ಹೇಳಿದವನೂ ನಾನೇ."

ಅವಳು ಅವರನ್ನು ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಅವರೂ ಹಾಗೇ ಅಂದುಕೊಂಡಿರಬೇಕು, ಕೈ ಕೆಳಗಿಟ್ಟು ನಿಂತೇ ಇದ್ದರು. ಅವಳು ಕೈಗವಸು ಕಳಚಿ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತಳು, ಅಷ್ಟೇ. ನಾನು ಹೊಸ ಕಾಗದ ಕಳಿಸಿದೆ. ಅಧಿಕಾರಿ ಅದನ್ನು ತನ್ನ ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಕಾಜಿಕ್ ಕೈ ಎತ್ತಿದ, ಒಂದು ಟ್ರ್ಯಾಕ್ಟರ್ ಹಿಂದೆ ಸರಿಯಿತು, ಲಾರಿ ಹೊರಟಿತು.

ಆಮೇಲಿನದು ಬರೀ ಕಾಯುವುದು. ಟೈರ್ ಅಂಗಡಿಯಲ್ಲಿ ನಟ್ಟು ಬಿಚ್ಚುವ ಯಂತ್ರದ ಸದ್ದು ನಿಂತು ನಿಂತು ಬರುತ್ತಿತ್ತು. ಯಾರಾದರೂ ಫೋನ್ ಮಾಡಿದರೆ ನಾನು ಮಾತಾಡದೆ ಕತ್ತರಿಸಿದೆ. ಲ್ಯೂಬಾ ಪುರಂದರಣ್ಣನ ಕಡೆ ಕತ್ತು ತಿರುಗಿಸಲಿಲ್ಲ. ಅವರು ಒಂದು ಸಲ ಚಹಾ ಮಾಡಿ ತಂದು ಅವಳ ಮುಂದೆ ಇಟ್ಟರು. ಅದು ಆರಿ ತಣ್ಣಗಾಯಿತು. ನಾನು ಬಹಳ ವರ್ಷದ ಮೇಲೆ ಮೇಜಿನ ಕೆಳಗೆ ಕೈ ಇಟ್ಟುಕೊಂಡು ಜಪಮಾಲೆಯ ಪ್ರಾರ್ಥನೆ ಹೇಳಿಕೊಂಡೆ.

ಮಧ್ಯಾಹ್ನ ದಾಟಿದ ಮೇಲೆ ಫೋಟೊ ಬಂತು. ಗಾಜಿನ ಒಳಗೆ, ಮೂಗಿಗೆ ಕೊಳವೆ, ತಲೆಗೆ ಹಳದಿ ಟೋಪಿ, ಮುಷ್ಟಿ ಬಿಗಿಹಿಡಿದ ಕೂಸು. ಕೆಳಗೆ ಒರೀಸ್ಯಾ ಬರೆದಿದ್ದಳು, ಬೆಚ್ಚಗಿದ್ದಾಳೆ ಎಂದು. ಲ್ಯೂಬಾ ಫೋನನ್ನು ಎದೆಗೊತ್ತಿಕೊಂಡು ಅತ್ತಳು. ನಾನೂ ಅತ್ತೆ. ಪುರಂದರಣ್ಣ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವರು ಹೊರಗೆ ಬಂದಾಗ ಲ್ಯೂಬಾ ಕೈ ಚಾಚಿ ಅವರ ಫೋನು ಕೇಳಿದಳು. ಮಾರೆಕ್‌ಗೆ ಕರೆ ಮಾಡಿದಳು. ಪೋಲಿಷಿನಲ್ಲಿ ನಿಧಾನವಾಗಿ ಏನೋ ಹೇಳಿದಳು. ಕ್ಷಮೆ ಕೇಳುತ್ತಿದ್ದಾಳೆ ಎಂದು ಭಾಷೆ ಬಾರದ ನನಗೂ ತಿಳಿಯಿತು. ಆ ಕಡೆಯಿಂದ ಮಾರೆಕ್ ಏನೋ ಅಂದ. ಅವಳು ಒಂದು ಕ್ಷಣ ಫೋನನ್ನು ಕಿವಿಯಿಂದ ದೂರ ಹಿಡಿದಳು.

"ಅವನ ಅಣ್ಣ ಪಕ್ಕದಲ್ಲೇ ಇದ್ದಾನಂತೆ," ಎಂದಳು ನಮಗೆ. "ಮಗು ಹೇಗಿದೆ ಅಂತ ಕೇಳುತ್ತಿದ್ದಾನಂತೆ. ಫೋನ್ ಕೊಡಲಾ ಅನ್ನುತ್ತಾನೆ."

ಬೇಡ ಎನ್ನುತ್ತಾಳೆ ಎಂದುಕೊಂಡೆ. ಅವಳು ಹೂಂ ಅಂದಳು. ಎರಡು ಮಾತು ಹೇಳಿದಳು, ಅದು ಮಗುವಿನ ವಿಷಯ. ಆಮೇಲೆ ಇನ್ನೊಂದು ಏನೋ ಕೇಳಿದಳು, ಚಿಕ್ಕ ಪ್ರಶ್ನೆ. ಆ ಕಡೆಯಿಂದ ಉತ್ತರವೇ ಬರಲಿಲ್ಲ. ಅವಳು ಫೋನು ಹಿಡಿದುಕೊಂಡೇ ಇದ್ದಳು, ಇಡಲಿಲ್ಲ. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಏನೋ ಸಮಾಧಾನ ಹೇಳಿ ಕರೆ ಮುಗಿಸಿದಳು.

"ಏನು ಕೇಳಿದೆ ಅವನಿಗೆ?" ಎಂದೆ ನಾನು.

"ಈ ವರ್ಷ ನಿಮ್ಮ ಗೋಧಿಗೆ ಏನು ದರ ಸಿಕ್ಕಿತು ಅಂತ ಕೇಳಿದೆ. ನಮ್ಮೂರಲ್ಲಿ ರೈತರು ಸಿಕ್ಕಿದರೆ ಮೊದಲು ಕೇಳುವುದೇ ಅದು."

"ಏನಂದ?"

"ದರ ಹೇಳಲಿಲ್ಲ," ಎಂದಳು ಲ್ಯೂಬಾ. "ಅಳುತ್ತಿದ್ದ."